ಓಟದ ಬೂಟಿನ ಆಯುಸ್ಸು

ಅಟ್ಟೆ ತೂತಾಗುವವರೆಗೆ ಮೆಟ್ಟನ್ನು ಮೆಟ್ಟುವುದು, ತೂತಾದ ಮೇಲೆ ಬೀದಿಯ ಮೂಲೆಯಲ್ಲಿ ಕುಳಿತು ಹೊಲಿಯುವವರ ಬಳಿಗೆ ಒಯ್ದು ಹೊಸ ಅಟ್ಟೆ ಹಾಕಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಅದರಲ್ಲಿ ವಿವೇಕವೂ ಉಂಟು. ತೊಗಲಿನ ಚಪ್ಪಲಿಗೆ ವಯಸ್ಸಾದುದು ಕಣ್ಣಿಗೆ ಕಾಣುತ್ತದೆ. ಕಂಡದ್ದನ್ನು ದುರಸ್ತು ಮಾಡಬಹುದು. ಈ ರೂಢಿಯಲ್ಲಿ ಬೆಳೆದ ವಿದ್ಯಾರ್ಥಿಯೊಬ್ಬನು ಕಾಲೇಜಿನ ಓಟದ ತಂಡವನ್ನು ಸೇರಿ, ಮನೆಯವರಿಂದ ಕೆಲವು ಸಾವಿರ ರೂಪಾಯಿ ಪಡೆದು ಓಟದ ಬೂಟು ಕೊಂಡನೆಂದು ಭಾವಿಸೋಣ. ಏಳೆಂಟು ತಿಂಗಳಾಗುತ್ತಲೇ “ಇದರ ಕಾಲ ಮುಗಿಯಿತು, ಬೇರೆ ಕೊಳ್ಳಿ” ಎಂಬ ಮಾತು ಅವನ ಕಿವಿಗೆ ಬೀಳುತ್ತದೆ. ಬೂಟನ್ನು ತಿರುಗಿಸಿ ನೋಡಿದರೆ ಮೇಲ್ಹೊದಿಕೆ ಹರಿದಿಲ್ಲ, ಅಟ್ಟೆಯ ಗೀರುಗಳೂ ಅಳಿಸಿಲ್ಲ. 500ರಿಂದ 800 ಕಿಲೋಮೀಟರು ಓಡಿದ ಬೂಟನ್ನು ಬದಲಿಸತಕ್ಕದ್ದೆಂದು ಅಂಗಡಿಯವರೂ ತರಬೇತುದಾರರೂ ಹೇಳುತ್ತಾರೆ. ಈ ಸಂಖ್ಯೆಯಲ್ಲಿ ಎಷ್ಟು ವಿಜ್ಞಾನವಿದೆ, ಎಷ್ಟು ವ್ಯಾಪಾರವಿದೆ? ಒಂದು ಕಡೆ ಮನೆಯ ಹಣ, ಇನ್ನೊಂದು ಕಡೆ ತನ್ನದೇ ಮೊಣಕಾಲು. ಉತ್ತರವನ್ನು ಊಹೆಗೆ ಬಿಡದೆ, ಮೊದಲು ಒಂದು ಹೆಜ್ಜೆಯ ಲೆಕ್ಕವನ್ನು ಮಾಡಿ ನೋಡೋಣ.

ನಡೆಯುವಾಗ ಒಂದಲ್ಲ ಒಂದು ಪಾದ ಸದಾ ನೆಲವನ್ನು ಮುಟ್ಟಿರುತ್ತದೆ. ಓಡುವಾಗ ಹಾಗಲ್ಲ, ಪ್ರತಿ ಹೆಜ್ಜೆಯಲ್ಲಿಯೂ ಎರಡು ಪಾದಗಳೂ ನೆಲಬಿಟ್ಟಿರುವ ಒಂದು ಕ್ಷಣವಿರುತ್ತದೆ. ನಿಮಿಷಕ್ಕೆ 170 ಹೆಜ್ಜೆ ಹಾಕುವ ಓಟಗಾರನಿಗೆ ಒಂದು ಹೆಜ್ಜೆಗೆ ತಗಲುವ ಕಾಲ ಸುಮಾರು 0.35 ಸೆಕೆಂಡು. ಅದರಲ್ಲಿ ಪಾದವು ನೆಲದ ಮೇಲಿರುವುದು ಸುಮಾರು 0.25 ಸೆಕೆಂಡು ಎಂದಿಟ್ಟುಕೊಳ್ಳೋಣ. ಓಟಗಾರನು ಒಟ್ಟಿನಲ್ಲಿ ಮೇಲಕ್ಕೇರುತ್ತಲೂ ಇಲ್ಲ, ಕೆಳಕ್ಕಿಳಿಯುತ್ತಲೂ ಇಲ್ಲ. ಆದುದರಿಂದ, ಇಡೀ ಹೆಜ್ಜೆಯ ಅವಧಿಗೆ ಸರಾಸರಿ ತೆಗೆದರೆ, ನೆಲವು ಅವನನ್ನು ಮೇಲಕ್ಕೆ ಒತ್ತುವ ಬಲವು ಅವನ ತೂಕಕ್ಕೆ ಸಮನಾಗಿರಲೇಬೇಕು. ಆದರೆ ನೆಲಕ್ಕೆ ಒತ್ತಲು ದೊರೆಯುವ ಕಾಲ 0.25 ಸೆಕೆಂಡು ಮಾತ್ರ. 0.35ನ್ನು 0.25ರಿಂದ ಭಾಗಿಸಿದರೆ 1.4 ಬರುತ್ತದೆ, ಅಂದರೆ ಸ್ಪರ್ಶಕಾಲದ ಸರಾಸರಿ ಬಲ ತೂಕದ 1.4ರಷ್ಟು. ಈ ಬಲವೂ ಒಂದೇ ಸಮನಾಗಿರದೆ ಸೊನ್ನೆಯಿಂದ ಏರಿ, ಶಿಖರ ಮುಟ್ಟಿ, ಮತ್ತೆ ಸೊನ್ನೆಗಿಳಿಯುತ್ತದೆ. ಈ ಏರಿಳಿತವನ್ನು ಸೈನ್ ವಕ್ರರೇಖೆಯ ಅರ್ಧಭಾಗವೆಂದು ಎಣಿಸಿದರೆ, ಶಿಖರದ ಬೆಲೆ ಸರಾಸರಿಯ 1.57ರಷ್ಟು, ಎಂದರೆ ತೂಕದ 2.2ರಷ್ಟು. ಪ್ರಯೋಗಶಾಲೆಗಳಲ್ಲಿ ನೆಲದೊಳಗೆ ಹುದುಗಿಸಿದ ಬಲಮಾಪಕ ಫಲಕಗಳ ಮೇಲೆ ಓಡಿಸಿ ಅಳೆದಾಗಲೂ ತೂಕದ ಎರಡರಿಂದ ಮೂರರಷ್ಟು ಬಲ ಕಂಡುಬರುತ್ತದೆ. ಕಾಗದದ ಮೇಲಿನ ಲೆಕ್ಕ ಇಷ್ಟು ಹತ್ತಿರ ಬರುವುದು ಸಂತೋಷದ ಸಂಗತಿಯಲ್ಲವೆ?

ಹೀಗೆ 60 ಕಿಲೋಗ್ರಾಂ ತೂಗುವ ಹುಡುಗನ ಬೂಟು ಪ್ರತಿ ಹೆಜ್ಜೆಗೂ 130 ಕಿಲೋಗ್ರಾಂ ಭಾರವನ್ನು ಹೊರುತ್ತದೆ. ಗಂಟೆಗೆ 10 ಕಿಲೋಮೀಟರು ವೇಗದಲ್ಲಿ ಅವನ ಹೆಜ್ಜೆ ಹೆಚ್ಚು ಕಡಮೆ ಒಂದು ಮೀಟರು. ಒಂದು ಕಿಲೋಮೀಟರಿಗೆ ಸಾವಿರ ಹೆಜ್ಜೆ. ಒಂದೊಂದು ಬೂಟಿಗೆ ಐನೂರು. 800 ಕಿಲೋಮೀಟರು ಮುಗಿಯುವ ಹೊತ್ತಿಗೆ ಒಂದೊಂದು ಬೂಟೂ ನಾಲ್ಕು ಲಕ್ಷ ಬಾರಿ ಹಿಚುಕಲ್ಪಟ್ಟಿರುತ್ತದೆ.

ಹಿಚುಕಲ್ಪಡುವುದು ಯಾವುದು? ನೆಲಕ್ಕೆ ತಾಗುವ ಹೊರ ಅಟ್ಟೆ ಗಟ್ಟಿ ರಬ್ಬರಿನದು. ಅದರ ಕೆಲಸ ಹಿಡಿತ ಕೊಡುವುದು ಮತ್ತು ಸವೆಯುವುದು. ಮೇಲ್ಹೊದಿಕೆ ಪಾದವನ್ನು ಹಿಡಿದಿಡುತ್ತದೆ. ಇವೆರಡರ ನಡುವೆ, ಹಿಮ್ಮಡಿಯ ಕೆಳಗೆ ಎರಡು ಮೂರು ಸೆಂಟಿಮೀಟರು ದಪ್ಪವಿರುವ ಹಗುರವಾದ ಬಿಳಿ ಪದಾರ್ಥವಿದೆಯಲ್ಲ, ಬೂಟಿನ ಜೀವವಿರುವುದು ಅದರಲ್ಲಿ. ಇದನ್ನು ಫೋಮ್ ಎನ್ನುತ್ತಾರೆ. 1970ರ ದಶಕದ ಮಧ್ಯಭಾಗದಿಂದ ಈಚೆಗೆ ಬಹುಮಟ್ಟಿನ ಬೂಟುಗಳಲ್ಲಿ ಎಥಿಲೀನ್ ವಿನೈಲ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫೋಮ್ ಬಳಕೆಯಲ್ಲಿದೆ. ದೋಸೆಯನ್ನು ಮುರಿದು ನೋಡಿದರೆ ಕಾಣುವ ಗುಳ್ಳೆಗಳಂತೆ ಇದರಲ್ಲಿಯೂ ಅಸಂಖ್ಯಾತ ಗುಳ್ಳೆಗಳಿವೆ. ಭೇದವೇನೆಂದರೆ, ಇಲ್ಲಿಯ ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು, ಮತ್ತು ಒಂದೊಂದೂ ಸುತ್ತಲೂ ಮುಚ್ಚಿದ ಪುಟ್ಟ ಕೋಶ. ಪಾದ ಒತ್ತಿದಾಗ ಕೋಶದ ತೆಳುಗೋಡೆಗಳು ಬಾಗುತ್ತವೆ, ಒಳಗಿನ ಅನಿಲವು ಸಂಕುಚಿತವಾಗುತ್ತದೆ. ಪಾದ ಎತ್ತಿದಾಗ ಅನಿಲ ಹಿಗ್ಗಿ ಗೋಡೆಗಳು ನೆಟ್ಟಗಾಗುತ್ತವೆ.

ಈ ವಾಪಸಾತಿ ಎಂದೂ ಪೂರ್ಣವಾಗಿರುವುದಿಲ್ಲ. ಕೊಟ್ಟ ಶಕ್ತಿಯಲ್ಲಿ ಒಂದು ಭಾಗ ಶಾಖವಾಗಿ ಹೋಗುತ್ತದೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾನಿಲಯದ ಸಂಶೋಧಕರು ಮೂರು ಬಗೆಯ ಸ್ಪರ್ಧಾ ಬೂಟುಗಳನ್ನು ಯಂತ್ರದಲ್ಲಿ ಒತ್ತಿ ನೋಡಿ 2018ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಹಳೆಯ ಬಗೆಯ ಫೋಮ್ ಸೇಕಡಾ 66ರಷ್ಟು ಶಕ್ತಿಯನ್ನೂ, ಇನ್ನೊಂದು ಬಗೆ 76ರಷ್ಟನ್ನೂ, ಅತಿ ಹೊಸದು 87ರಷ್ಟನ್ನೂ ಹಿಂದಕ್ಕೆ ಕೊಟ್ಟವು. ಮೊದಲನೆಯ ಬಗೆಯನ್ನೇ ತೆಗೆದುಕೊಳ್ಳಿ. ಪ್ರತಿ ಹೆಜ್ಜೆಗೆ 6 ಜೌಲ್ ಶಕ್ತಿ ಫೋಮಿಗೆ ಸೇರಿ ಅದರ ಮೂರನೆಯ ಒಂದು ಭಾಗ ನಷ್ಟವಾಯಿತೆಂದರೆ, ಕಿಲೋಮೀಟರಿಗೆ ಒಂದು ಬೂಟಿನಲ್ಲಿ 1,000 ಜೌಲ್ ಶಾಖ ಹುಟ್ಟುತ್ತದೆ. ಫೋಮಿನ ತೂಕ 100 ಗ್ರಾಂ ಇದ್ದರೆ, ಶಾಖ ಹೊರಗೆ ಹೋಗದಿದ್ದಲ್ಲಿ, ಅದರ ಉಷ್ಣತೆ 5 ಡಿಗ್ರಿಯಷ್ಟು ಏರಲು ಇಷ್ಟು ಸಾಕು. ವಾಸ್ತವದಲ್ಲಿ ಗಾಳಿಗೂ ನೆಲಕ್ಕೂ ಬಹಳಷ್ಟು ಹೋಗುತ್ತದೆ. ಆದರೂ ದೂರದ ಓಟ ಮುಗಿಸಿ ಬಿಚ್ಚಿದ ಬೂಟು ಬೆಚ್ಚಗಿರುವುದಕ್ಕೆ ಪಾದದ ಶಾಖವೊಂದೇ ಕಾರಣವಲ್ಲವೆಂದು ಇದರಿಂದ ತಿಳಿಯಬಹುದು. ಫೋಮ್ ಬಿಸಿಯಾದಷ್ಟೂ ಮೆತ್ತಗಾಗುತ್ತದೆ, ಮೆತ್ತಗಾದಷ್ಟೂ ಹೆಚ್ಚು ಕುಗ್ಗುತ್ತದೆ.

ಲಕ್ಷಾಂತರ ಬಾರಿ ಬಾಗಿದ ತಂತಿ ದಣಿದು ಮುರಿಯುವಂತೆ ಈ ಗೋಡೆಗಳೂ ದಣಿಯುತ್ತವೆ. ಇದನ್ನು ಅಳೆದು ನೋಡಿದವರಲ್ಲಿ ಅಮೆರಿಕದ ಕುಕ್, ಕೆಸ್ಟರ್ ಮತ್ತು ಬ್ರೂನೆಟ್ ಎಂಬವರು ಮುಖ್ಯರು. 1985ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಬೂಟುಗಳನ್ನು ಯಂತ್ರವೊಂದು ಓಟದಂತೆಯೇ ಬಡಿಯಿತು. 80 ಕಿಲೋಮೀಟರಿಗೆ ಸಮನಾದ ಬಡಿತವಾಗುವಷ್ಟರಲ್ಲಿ ಆಘಾತವನ್ನು ಹೀರುವ ಸಾಮರ್ಥ್ಯವು ಮೊದಲಿನ ಸೇಕಡಾ 75ಕ್ಕೆ ಇಳಿದಿತ್ತು. 160ರಿಂದ 240 ಕಿಲೋಮೀಟರಿನ ವೇಳೆಗೆ 67ಕ್ಕೆ. 400ರಿಂದ 800ರ ನಡುವೆ 60ಕ್ಕೂ ಕೆಳಗೆ. ಇಲ್ಲಿ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಇಳಿತದ ಬಹುಭಾಗ ಮೊದಲಿಗೇ ಆಗಿಹೋಯಿತು. 500 ಅಥವಾ 800 ಎಂಬಲ್ಲಿ ಯಾವ ಕಮರಿಯೂ ಇಲ್ಲ, ಅಲ್ಲಿರುವುದು ನಿಧಾನವಾದ ಇಳಿಜಾರು ಮಾತ್ರ. ಮನುಷ್ಯರೇ ತೊಟ್ಟು ಓಡಿದ ಬೂಟುಗಳಲ್ಲಿ 800 ಕಿಲೋಮೀಟರಿನ ಕೊನೆಗೂ ಸುಮಾರು 70 ಭಾಗ ಉಳಿದಿತ್ತು. ಯಂತ್ರ ಬಿಡುವಿಲ್ಲದೆ ಬಡಿಯುತ್ತದೆ. ಮನುಷ್ಯ ಓಡಿ ಬಂದು ಬೂಟು ಬಿಚ್ಚಿ ಮಲಗುತ್ತಾನೆ, ಕುಗ್ಗಿದ ಫೋಮ್ ಆ ಬಿಡುವಿನಲ್ಲಿ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಈ ವ್ಯತ್ಯಾಸಕ್ಕೆ ಅದೂ ಒಂದು ಕಾರಣವಾಗಿರಬೇಕೆಂದು ನನ್ನ ಎಣಿಕೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ವೆರ್ಡೆಹೊ ಮತ್ತು ಮಿಲ್ಸ್ 2004ರಲ್ಲಿ ಇನ್ನೂ ಒಳಹೊಕ್ಕು ನೋಡಿದರು. 500 ಕಿಲೋಮೀಟರು ಓಡಿದ ಮೇಲೆ ಹಿಮ್ಮಡಿಯ ಅಡಿಯ ಗರಿಷ್ಠ ಒತ್ತಡವು ಸರಾಸರಿಯಲ್ಲಿ ಇಮ್ಮಡಿಯಾಗಿತ್ತು. 750 ಕಿಲೋಮೀಟರು ಓಡಿದ ಬೂಟಿನ ಫೋಮನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟಾಗ ಕೋಶಗಳ ಗೋಡೆಗಳು ಸುಕ್ಕುಗಟ್ಟಿದ್ದುವು, ಅಲ್ಲಲ್ಲಿ ತೂತುಗಳೂ ಇದ್ದುವು. ಹೊರಗಿನ ರಬ್ಬರಿನಲ್ಲಿ ಗೀರು ಉಳಿದಿರುವಾಗಲೇ ಒಳಗೆ ಹೀಗಾಗಿರುತ್ತದೆ. ಅಟ್ಟೆಯನ್ನು ನೋಡಿ ಬೂಟಿನ ಆಯುಸ್ಸನ್ನು ಹೇಳುವ ನಮ್ಮ ಹಳೆಯ ರೂಢಿ ಇಲ್ಲಿ ಸೋಲುತ್ತದೆ.

ಇಷ್ಟಕ್ಕೇ ಹೊಸ ಬೂಟಿಗೆ ಹಣ ಎಣಿಸಬೇಕಾಗಿಲ್ಲ. ಅಮೆರಿಕದಲ್ಲಿ ಕಾಂಗ್ ಮತ್ತು ಸಂಗಡಿಗರು ಓಟಗಾರರನ್ನು ಹೊಸ ಬೂಟಿನಲ್ಲಿ ಒಮ್ಮೆ, ಅದೇ ಬೂಟಿನಲ್ಲಿ 320 ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ 2009ರಲ್ಲಿ ವರದಿ ಮಾಡಿದರು. ನೆಲವು ಪಾದಕ್ಕೆ ಕೊಡುವ ಬಲ ಬದಲಾಗಿರಲಿಲ್ಲ! ಪಾದವು ನೆಲದ ಮೇಲಿರುವ ಕಾಲ ತುಸು ಹೆಚ್ಚಿತ್ತು, ಕಣಕಾಲಿನ ಕೋನಗಳು ತುಸು ಬೇರೆಯಾಗಿದ್ದುವು. ಬೂಟು ಬಿಟ್ಟುಕೊಟ್ಟ ಕೆಲಸವನ್ನು ಶರೀರ ತಾನೇ ವಹಿಸಿಕೊಂಡಿತ್ತು. ಹಾಗಾದರೆ ಬರ್ಮಿಂಗ್‌ಹ್ಯಾಮಿನಲ್ಲಿ ಇಮ್ಮಡಿಯಾದದ್ದು ಏನು? ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ಎಂಬುದನ್ನು ನೆನಪಿಗೆ ತಂದುಕೊಳ್ಳಿ. ಹೊಸ ಫೋಮ್ ಹಿಮ್ಮಡಿಯ ದುಂಡನ್ನು ತಬ್ಬಿಕೊಂಡು ಭಾರವನ್ನು ಅಗಲಕ್ಕೆ ಹಂಚುತ್ತದೆ. ದಣಿದ ಫೋಮ್ ನಡುವೆ ತಳ ಮುಟ್ಟುವಂತೆ ಕುಗ್ಗುವುದರಿಂದ ಅದೇ ಭಾರ ಕಿರಿದಾದ ಜಾಗಕ್ಕೆ ಬೀಳಬಹುದು. ಒಟ್ಟು ಬಲ ಒಂದೇ ಆಗಿದ್ದರೂ ಒತ್ತಡ ಬೇರೆಯಾಗಬಲ್ಲುದು. ಮೊಳೆಯ ತುದಿಗೂ ತಲೆಗೂ ಇರುವ ಅಂತರ ಇದೇ ತಾನೆ?

ಶರೀರದ ಈ ಹೊಂದಿಕೆಗೆ ದೊಡ್ಡ ಸಾಕ್ಷಿ ಇಥಿಯೋಪಿಯದ ಅಬೆಬೆ ಬಿಕಿಲ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಬರಿಗಾಲಿನಲ್ಲಿ ಓಡಿ ಮ್ಯಾರಥಾನ್ ಗೆದ್ದನು. 1964ರಲ್ಲಿ ಟೋಕಿಯೋದಲ್ಲಿ ಬೂಟು ತೊಟ್ಟು ಮತ್ತೆ ಗೆದ್ದನು. ಹಳೆಯ ಬೂಟೇ ಗಾಯಕ್ಕೆ ಕಾರಣವೆಂದು ನಿಸ್ಸಂದೇಹವಾಗಿ ತೋರಿಸುವ ಪುರಾವೆ ಇನ್ನೂ ದೊರೆತಿಲ್ಲವೆಂಬುದನ್ನೂ ಹೇಳಬೇಕು. ಆದರೆ ಹೊಂದಿಕೆಗೆ ಬೆಲೆಯಿದೆ; ಮೀನಖಂಡ, ಹಿಮ್ಮಡಿಯ ನರ, ಮೊಣಕಾಲು ಆ ಕೆಲಸವನ್ನು ಹಂಚಿಕೊಳ್ಳುತ್ತವೆ. ವಾರಕ್ಕೆ 60 ಕಿಲೋಮೀಟರು ಓಡುತ್ತ ಸ್ಪರ್ಧೆಗೆ ಸಿದ್ಧನಾಗುತ್ತಿರುವ ಹುಡುಗನಿಗೆ ಅದು ಅಧಿಕ ಹೊರೆಯಾಗಬಹುದು. ವಾರಕ್ಕೆ 10 ಕಿಲೋಮೀಟರಿನವನಿಗೆ ತಿಳಿಯದೆಯೂ ಹೋಗಬಹುದು. 500ರಿಂದ 800 ಎಂಬ ಸಂಖ್ಯೆಯನ್ನು ಆಜ್ಞೆಯೆಂದು ತಿಳಿಯಬಾರದು, ಇಲ್ಲಿಂದ ಮುಂದೆ ಗಮನವಿಡು ಎಂಬ ಸೂಚನೆಯೆಂದು ತಿಳಿಯಬೇಕು. ಹಗುರ ದೇಹದವನು, ಕಬ್ಬನ್ ಪಾರ್ಕಿನ ಮಣ್ಣುದಾರಿಯಂಥ ಕಡೆ ಓಡುವವನು, ಅದನ್ನು ನಿಶ್ಚಿಂತೆಯಾಗಿ ದಾಟಬಹುದು. ಭಾರವಾದವನಿಗೆ 500 ಸಹ ಹೆಚ್ಚಾದೀತು. ತೆಳ್ಳಗಿನ ಸ್ಪರ್ಧಾ ಬೂಟುಗಳ ಆಯುಸ್ಸಂತೂ ತೀರ ಅಲ್ಪ. 2023ರಲ್ಲಿ ಬರ್ಲಿನ್ನಿನಲ್ಲಿ ಟಿಗಿಸ್ಟ್ ಅಸೆಫ 2 ಗಂಟೆ 11 ನಿಮಿಷ 53 ಸೆಕೆಂಡುಗಳಲ್ಲಿ ಮ್ಯಾರಥಾನ್ ಓಡಿ ಅಂದಿನ ಮಹಿಳಾ ವಿಶ್ವದಾಖಲೆಯನ್ನು ಸ್ಥಾಪಿಸಿದಾಗ ತೊಟ್ಟಿದ್ದ ಅಡಿಡಾಸ್ ಬೂಟು 138 ಗ್ರಾಂ ತೂಕದ್ದು. ಅದನ್ನು ಒಂದು ಸ್ಪರ್ಧೆಗೆಂದೇ ಮಾಡಿದುದಾಗಿ ತಯಾರಕರೇ ಹೇಳಿದ್ದರು. ಕಾಲೇಜು ವಿದ್ಯಾರ್ಥಿ ಇಂಥದಕ್ಕೆ ಆಸೆಪಡುವುದು ಅವಿವೇಕವೆಂದೇ ನಾನು ಹೇಳುವೆನು.

ನಿಮ್ಮ ಬೂಟು ಎಲ್ಲಿದೆ ಎಂಬುದನ್ನು ಅಳೆಯಲು ಶಾಲೆಯ ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರ್ ಸಾಕು. ಬೂಟು ಕೊಂಡ ದಿನವೇ ಹಿಮ್ಮಡಿಯ ಭಾಗದಲ್ಲಿ, ಫೋಮಿನ ಹೊರಬದಿಯ ಮೇಲೆ, ಒಂದರ ಕೆಳಗೊಂದು ಎರಡು ಚುಕ್ಕೆಗಳನ್ನು ಅಳಿಸದ ಶಾಯಿಯಿಂದ ಗುರುತಿಸಿ ಅಂತರವನ್ನು ಬರೆದಿಡಿ. ಒಳಬದಿಗೂ ಹೀಗೆಯೇ ಮಾಡಿ. ತಿಂಗಳಿಗೊಮ್ಮೆ, ಓಡಿದ ಮರುದಿನ, ಬೂಟು ತಣ್ಣಗಿರುವಾಗ ಅಳೆಯಿರಿ. ಓಡಿದ ಒಟ್ಟು ಕಿಲೋಮೀಟರನ್ನು ಅಡ್ಡ ಅಕ್ಷದಲ್ಲಿಯೂ ಅಂತರವನ್ನು ಲಂಬ ಅಕ್ಷದಲ್ಲಿಯೂ ಇಟ್ಟು ರೇಖಾಚಿತ್ರ ಬರೆದರೆ ಫೋಮಿನ ಶಾಶ್ವತ ಕುಗ್ಗು ಕಾಣುತ್ತದೆ. ಫೋಮಿನ ಮೃದುತ್ವವನ್ನು ಇದು ಹೇಳದು. ಆದರೆ ಒಳಬದಿಗೂ ಹೊರಬದಿಗೂ ಇರುವ ಕುಗ್ಗಿನ ಅಂತರ ದಿನೇ ದಿನೇ ಬೆಳೆಯುತ್ತಿದ್ದರೆ ಬೂಟು ಒಂದು ಕಡೆಗೆ ವಾಲುತ್ತಿದೆಯೆಂದು ಖಚಿತ. ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದರೂ ಇದು ತಿಳಿಯುತ್ತದೆ. ಹೀಗೆ ವಾಲಿದ ಬೂಟನ್ನು ಕಿಲೋಮೀಟರು ಎಷ್ಟೇ ಆಗಿರಲಿ ಓಟಕ್ಕೆ ಬಳಸಬಾರದು. ಅಟ್ಟೆಯ ಹಿಮ್ಮಡಿಯ ಹೊರ ಅಂಚು ಮೊದಲು ಸವೆಯುವುದಾದರೋ ಬಹುಮಂದಿಗೆ ಸಹಜ, ಅದಕ್ಕೆ ಗಾಬರಿಯಾಗಬೇಕಿಲ್ಲ. ಓಟದ ಕ್ರಮ ಬದಲಾಗದೆಯೇ ಮೊಣಕಾಲಿನಲ್ಲಿಯೋ ಮೊಣಕಾಲ ಕೆಳಗಿನ ಎಲುಬಿನಲ್ಲಿಯೋ ಹೊಸ ನೋವು ಕಾಣಿಸಿಕೊಂಡರೆ ಬೂಟನ್ನು ಶಂಕಿಸುವುದು ನ್ಯಾಯ. ಬೂಟು ಬದಲಿಸಿದರೂ ನೋವು ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು.

ಎರಡು ಜೊತೆ ಬೂಟುಗಳನ್ನು ಸರದಿಯಂತೆ ಬಳಸುವುದು ಲೇಸೆಂಬ ಮಾತೂ ಇದೆ. ಲಕ್ಸೆಂಬರ್ಗಿನಲ್ಲಿ 264 ಓಟಗಾರರನ್ನು 22 ವಾರ ಗಮನಿಸಿದ ಅಧ್ಯಯನವೊಂದರಲ್ಲಿ, ಬೇರೆ ಬೇರೆ ಬೂಟುಗಳನ್ನು ಬದಲಿಸಿ ತೊಟ್ಟವರಿಗೆ ಗಾಯದ ಸಂಭವ ಸೇಕಡಾ 39ರಷ್ಟು ಕಡಮೆಯಾಗಿತ್ತು. ಹಾಗೆ ತೊಟ್ಟವರು ಬೇರೆ ವಿಧಗಳಲ್ಲಿಯೂ ಜಾಗರೂಕರಾಗಿದ್ದಿರಬಹುದು. ಆದಕಾರಣ ಇದನ್ನು ಪೂರ್ತಿ ಬೂಟಿನ ಮಹಿಮೆಯೆನ್ನಲಾಗದು. ಎರಡು ಜೊತೆಗೆ ಹಣವಿಲ್ಲದವರು ಓಟದ ಬೂಟನ್ನು ಓಟಕ್ಕಷ್ಟೇ ಇಟ್ಟುಕೊಂಡು, ಕಾಲೇಜಿಗೂ ಪೇಟೆಗೂ ಚಪ್ಪಲಿ ಮೆಟ್ಟಿ ಹೋದರೆ ಅದರ ಬಾಳು ತಾನಾಗಿ ಬೆಳೆಯುತ್ತದೆ.

ಓಡದೆ ಇಟ್ಟ ಬೂಟಿಗೂ ವಯಸ್ಸಾಗುತ್ತದೆ. ಕೆಲವು ಬೂಟುಗಳ ಅಟ್ಟೆ ಪಾಲಿಯುರೆಥೇನ್ ಎಂಬ ಪದಾರ್ಥದ್ದು. ಅದರ ಒಂದು ಬಗೆಯನ್ನು ಗಾಳಿಯ ತೇವವು ನಿಧಾನವಾಗಿ ವಿಭಜಿಸುತ್ತದೆ. ನೀರಿನ ಅಣುಗಳು ಉದ್ದವಾದ ಸರಪಳಿ ಅಣುಗಳನ್ನು ತುಂಡರಿಸುತ್ತವೆ. ಮಲೆನಾಡಿನಲ್ಲಿಯೋ ಕರಾವಳಿಯಲ್ಲಿಯೋ ಅಂಥ ಬೂಟನ್ನು “ಹಬ್ಬಕ್ಕೆ ಇರಲಿ” ಎಂದು ನಾಲ್ಕಾರು ಮಳೆಗಾಲ ಪೆಟ್ಟಿಗೆಯಲ್ಲಿಟ್ಟು ತೆಗೆದರೆ, ಹೊಸದರಂತೆ ಕಂಡರೂ ಹತ್ತು ಹೆಜ್ಜೆಗೆ ಅಟ್ಟೆ ಪುಡಿಪುಡಿಯಾಗಿ ಉದುರಬಹುದು. ಆದುದರಿಂದ ಅಗ್ಗವೆಂದು ಎರಡು ಮೂರು ಜೊತೆಗಳನ್ನು ಒಮ್ಮೆಗೇ ಕೊಂಡಿಡುವುದರಲ್ಲಿ ಲಾಭವಿಲ್ಲ. ನೆನೆದ ಬೂಟನ್ನು ಒಲೆಯ ಬಳಿ ಒಣಗಿಸಬಾರದು, ಅಂಟು ಬಿಡುತ್ತದೆ. ಒಳಗೆ ಹಳೆಯ ವೃತ್ತಪತ್ರಿಕೆಯನ್ನು ತುರುಕಿ ನೆರಳಿನಲ್ಲಿಟ್ಟರೆ ಮರುದಿನದ ಓಟಕ್ಕೆ ಬಹುಮಟ್ಟಿಗೆ ಒಣಗಿರುತ್ತದೆ.