ಕಚೇರಿ ಗಣಕಯಂತ್ರದ ತಂತ್ರಾಂಶ ದೋಷಗಳು ಮತ್ತು ಅಪ್‌ಡೇಟ್: ಒಂದು ಅಧ್ಯಯನ

2017ರ ಮೇ 12, ಶುಕ್ರವಾರ. ಅಂದು ‘ವನ್ನಾಕ್ರೈ’ ಎಂಬ ಕುತಂತ್ರಾಂಶವು ಜಗತ್ತಿನಾದ್ಯಂತ ಹರಡಲಾರಂಭಿಸಿತು. ಸೋಮವಾರ ಕೇರಳದ ವಯನಾಡು ಜಿಲ್ಲೆಯ ತರಿಯೋಡು ಹಾಗೂ ಪತ್ತನಂತಿಟ್ಟ ಜಿಲ್ಲೆಯ ಅರುವಾಪ್ಪುಲಂ ಗ್ರಾಮ ಪಂಚಾಯತಿಗಳ ಗಣಕಯಂತ್ರಗಳಲ್ಲಿ ಕಡತಗಳು ತೆರೆಯಲಿಲ್ಲ. ಬದಲಿಗೆ, 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಪಾವತಿಸಿದರೆ ಮಾತ್ರ ಕಡತಗಳನ್ನು ಮರಳಿಸಲಾಗುವುದೆಂಬ ಬೇಡಿಕೆ ಪರದೆಯ ಮೇಲೆ ಮೂಡಿತ್ತು. ಗ್ರಾಮ ಪಂಚಾಯತಿಯ ಯಂತ್ರದಲ್ಲಿ ಕದಿಯುವಂಥದ್ದೇನಿದೆ ಎಂದು ಕೇಳುವವರು ಈ ಎರಡು ಹೆಸರುಗಳನ್ನು ನೆನಪಿನಲ್ಲಿಡುವುದು ಒಳಿತು. ದಾಳಿಕೋರರು ಅವುಗಳನ್ನು ಆರಿಸಿಕೊಂಡಿರಲಿಲ್ಲ. ಬಾಗಿಲು ತೆರೆದಿದ್ದಲ್ಲೆಲ್ಲ ಆ ತಂತ್ರಾಂಶ ತಾನಾಗಿ ಒಳನುಗ್ಗುತ್ತಿತ್ತು.

ದೋಷವಿದ್ದುದು ವಿಂಡೋಸ್‌ನಲ್ಲಿ, ಒಂದು ಯಂತ್ರವು ಇನ್ನೊಂದರೊಡನೆ ಕಡತ ಮತ್ತು ಪ್ರಿಂಟರ್ ಹಂಚಿಕೊಳ್ಳುವ ಭಾಗದಲ್ಲಿ. ಒಂದೇ ಪ್ರಿಂಟರಿಗೆ ಎರಡು ಮೂರು ಯಂತ್ರಗಳನ್ನು ಜೋಡಿಸಿರುವ ಕಚೇರಿಗಳಲ್ಲಿ ಈ ಭಾಗ ಸದಾ ಚಾಲ್ತಿಯಲ್ಲಿರುತ್ತದೆ. ಯಾರೂ ಏನನ್ನೂ ಒತ್ತಬೇಕಾಗಿರಲಿಲ್ಲ. ಗಮನಿಸಬೇಕಾದ ಅಂಶವೆಂದರೆ, ಮೈಕ್ರೋಸಾಫ್ಟ್ ಸಂಸ್ಥೆಯು ಇದರ ದುರಸ್ತಿಯನ್ನು ಅದೇ ವರ್ಷದ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ದಾಳಿಗೂ ದುರಸ್ತಿಗೂ ನಡುವೆ 59 ದಿನಗಳಿದ್ದವು. ಹಾನಿಗೊಳಗಾದ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 7 ಹೊಂದಿದ್ದವು. ಅಂದರೆ ದುರಸ್ತಿ ಲಭ್ಯವಿದ್ದೂ ಅಳವಡಿಸಿಕೊಳ್ಳದವು.

ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ತಿಳಿದಿರಬೇಕು. ದುರಸ್ತಿ ಪ್ರಕಟವಾದ ದಿನದಿಂದ ದೋಷವು ಗುಟ್ಟಾಗಿ ಉಳಿಯುವುದಿಲ್ಲ. ಹಳೆಯ ಮತ್ತು ಹೊಸ ತಂತ್ರಾಂಶಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ, ಬದಲಾದ ಭಾಗವೇ ಬಿರುಕು ಎಲ್ಲಿತ್ತೆಂಬುದನ್ನು ತೋರಿಸಿಕೊಡುತ್ತದೆ. ಆದುದರಿಂದ ಅಪ್‌ಡೇಟ್ ಮಾಡದ ಯಂತ್ರವು ಮೊದಲಿದ್ದಷ್ಟೇ ಸುರಕ್ಷಿತವಾಗಿ ಉಳಿಯುವುದಿಲ್ಲ. ದುರಸ್ತಿ ಬಂದ ಮರುದಿನದಿಂದ ಅದರ ಅಪಾಯ ಹೆಚ್ಚುತ್ತಲೇ ಹೋಗುತ್ತದೆ.

ವಿಂಡೋಸ್ ಕನಿಷ್ಠಪಕ್ಷ ತನ್ನ ದುರಸ್ತಿಯನ್ನು ತಾನೇ ತಂದುಕೊಳ್ಳುತ್ತದೆ. ವಿನ್‌ರಾರ್‌ಗೆ ಆ ಏರ್ಪಾಡಿಲ್ಲ. ಗುತ್ತಿಗೆದಾರರ ದರಪಟ್ಟಿ, ಅಂದಾಜು ಪತ್ರಿಕೆ, ಕಾಮಗಾರಿಯ ಛಾಯಾಚಿತ್ರಗಳು ಗಂಟುಕಟ್ಟಿ ಮಿಂಚಂಚೆಯಲ್ಲಿ ಬಂದಾಗ ಅವುಗಳನ್ನು ಬಿಚ್ಚುವುದು ಬಹುತೇಕ ಈ ತಂತ್ರಾಂಶವೇ. ಯಂತ್ರ ಖರೀದಿಸಿದ ದಿನ ಅಂಗಡಿಯವರು ಹಾಕಿಕೊಟ್ಟದ್ದು ಯಂತ್ರ ಹಾಳಾಗುವವರೆಗೂ ಹಾಗೆಯೇ ಇರುತ್ತದೆ.

2019ರ ಫೆಬ್ರವರಿಯಲ್ಲಿ, ವಿನ್‌ರಾರ್‌ನೊಳಗೆ 19 ವರ್ಷಗಳಿಂದ ಅಡಗಿದ್ದ ಒಂದು ದೋಷವನ್ನು ಚೆಕ್ ಪಾಯಿಂಟ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದರು. ಅದರ ಸ್ವರೂಪವನ್ನು ಟಪಾಲಿನ ಉದಾಹರಣೆಯಿಂದ ವಿವರಿಸಬಹುದು. ಲಕೋಟೆಯ ಮೇಲೆ ಕಳುಹಿಸಿದವನೇ ‘ಇದನ್ನು ಇಂಥ ಕಪಾಟಿನಲ್ಲಿಡಿ’ ಎಂದು ಬರೆದಿರುತ್ತಾನೆ. ಸ್ವೀಕರಿಸಿದವರು ಪರಿಶೀಲಿಸದೆ ಅಲ್ಲಿಯೇ ಇಡುತ್ತಾರೆ. ಆ ಕಪಾಟು ಪ್ರತಿದಿನ ಬೆಳಿಗ್ಗೆ ತೆರೆದು ಜಾರಿಗೊಳಿಸುವ ಆದೇಶಗಳ ಕಪಾಟಾಗಿದ್ದರೆ? ಸಿದ್ಧಪಡಿಸಿದ ಗಂಟನ್ನು ಬಿಚ್ಚಿದೊಡನೆ ಒಂದು ಕಡತವು ವಿಂಡೋಸ್‌ನ ‘ಸ್ಟಾರ್ಟ್‌ಅಪ್’ ಫೋಲ್ಡರಿಗೆ ಸೇರಿ, ಮುಂದಿನ ಬಾರಿ ಯಂತ್ರ ಚಾಲೂ ಆದಾಗ ತಾನಾಗಿ ಕಾರ್ಯಾರಂಭ ಮಾಡುತ್ತಿತ್ತು. ಆರು ವರ್ಷಗಳ ಬಳಿಕ, 2025ರ ಜುಲೈನಲ್ಲಿ, ಬಹುತೇಕ ಇದೇ ಬಗೆಯ ದೋಷ ಮತ್ತೆ ಪತ್ತೆಯಾಯಿತು. ಆಗ ದಾಳಿಕೋರರು ಬಳಸಿದ ವೇಷ ಉದ್ಯೋಗದ ಅರ್ಜಿಯದು. ಜುಲೈ 30ರಂದು ಬಿಡುಗಡೆಯಾದ 7.13ನೇ ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಗಿದೆ. ‘ಹೆಲ್ಪ್’ ಪಟ್ಟಿಯಲ್ಲಿ ‘ಅಬೌಟ್’ ಒತ್ತಿದರೆ ಆವೃತ್ತಿಯ ಸಂಖ್ಯೆ ಕಾಣುತ್ತದೆ. ಅದು 7.13ಕ್ಕಿಂತ ಹಳೆಯದಾಗಿದ್ದರೆ ಹೊಸದನ್ನು ತಯಾರಕರ ಜಾಲತಾಣದಿಂದಲೇ ಪಡೆಯಬೇಕು. ಝಿಪ್ ಕಡತಗಳನ್ನಷ್ಟೇ ಬಳಸುವ ಕಚೇರಿಗೆ ವಿನ್‌ರಾರ್‌ನ ಅಗತ್ಯವೇ ಇಲ್ಲ. ವಿಂಡೋಸ್ ಅವುಗಳನ್ನು ತಾನೇ ತೆರೆಯುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಗ್ರಾಮ ಪಂಚಾಯತಿಗಳಲ್ಲಿ ಅಪ್‌ಡೇಟ್ ನಿಲ್ಲಿಸಿಡಲು ಹೇಳಲಾಗುವ ಕಾರಣಗಳು ಸುಳ್ಳಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನ ಡೇಟಾ ಮುಗಿಯುತ್ತದೆ. ಬೇಸಿಗೆಯಲ್ಲಿ ಕರೆಂಟು ನಡುವೆಯೇ ಹೋಗುತ್ತದೆ. ಮಾರ್ಚ್ ಅಂತ್ಯದ ನೂಕುನುಗ್ಗಲಿನಲ್ಲಿ ಯಂತ್ರ ಅರ್ಧ ತಾಸು ಕೈಗೆ ಸಿಗದಿದ್ದರೆ ಬಿಲ್ಲು ನಿಲ್ಲುತ್ತದೆ. ಆದರೆ ಮೈಕ್ರೋಸಾಫ್ಟ್‌ನ ಮಾಸಿಕ ದುರಸ್ತಿಗಳು ಪ್ರತಿ ತಿಂಗಳ ಎರಡನೆಯ ಮಂಗಳವಾರ ತಡರಾತ್ರಿ ನಮ್ಮ ದೇಶಕ್ಕೆ ತಲುಪುತ್ತವೆ. ಆ ವಾರದ ಒಂದು ಸಂಜೆಯನ್ನು, ಯುಪಿಎಸ್ ಬ್ಯಾಟರಿ ಸರಿಯಿದ್ದಾಗ, ಇದಕ್ಕೆ ಮೀಸಲಿಟ್ಟರೆ ಸಾಕು. ಅಪ್‌ಡೇಟ್ ಮಾಡಿದರೆ ನುಡಿ ತಂತ್ರಾಂಶ ಹೋಗಿಬಿಡುತ್ತದೆಂಬ ಆತಂಕವೂ ಇದೆ. ಅದು ವಿಂಡೋಸ್‌ನ ಆವೃತ್ತಿಯನ್ನೇ ಬದಲಿಸುವಾಗ ಯೋಚಿಸಬೇಕಾದ ವಿಷಯ. ಮಾಸಿಕ ಭದ್ರತಾ ದುರಸ್ತಿಗೂ ಅದಕ್ಕೂ ಸಂಬಂಧವಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ವಿಸ್ತರಿತ ಭದ್ರತಾ ಯೋಜನೆಗೆ ನೋಂದಾಯಿಸದ ಯಂತ್ರಗಳಿಗೆ ಇನ್ನು ಮಾಸಿಕ ದುರಸ್ತಿಯೂ ಬರದು.

‘ದಾಖಲೆಯೆಲ್ಲ ಸರ್ವರಿನಲ್ಲಿದೆ, ನಮ್ಮದೇನು ಹೋಗುತ್ತದೆ’ ಎಂಬ ಮಾತು ಅರ್ಧ ಮಾತ್ರ ನಿಜ. ಇ-ಸ್ವತ್ತು, ಪಂಚತಂತ್ರ ದತ್ತಾಂಶವು ರಾಜ್ಯದ ಸರ್ವರಿನಲ್ಲಿದೆ. ಸಭಾ ನಡವಳಿ, ಪತ್ರವ್ಯವಹಾರ, ಅಂದಾಜು ಪತ್ರಿಕೆಗಳ ಮೂಲ ಕಡತಗಳು ಕಚೇರಿ ಯಂತ್ರದಲ್ಲಿಯೇ ಇವೆ. ಅದಕ್ಕಿಂತ ಮುಖ್ಯವಾದುದು ಡಿಜಿಟಲ್ ಸಹಿಯ ಟೋಕನ್. ನಮೂನೆ 9 ಮತ್ತು 11ಕ್ಕೆ ಬೀಳುವ ಸಹಿ ಅದರಿಂದಲೇ ಹೊರಡುತ್ತದೆ. ಯಂತ್ರದೊಳಗೆ ಸೇರಿದ ಕುತಂತ್ರಾಂಶವು ಒತ್ತಿದ ಪಿನ್ ಸಂಖ್ಯೆಯನ್ನು ದಾಖಲಿಸಿಕೊಳ್ಳಬಲ್ಲದು. ಟೋಕನ್ ದಿನವಿಡೀ ಯಂತ್ರದಲ್ಲಿಯೇ ಸಿಕ್ಕಿಸಿದ್ದರೆ ಉಳಿದ ಕೆಲಸ ಸುಲಭ. ಸಹಿ ಮಾಡಿದೊಡನೆ ಟೋಕನ್ ತೆಗೆದು ಬೀಗದಲ್ಲಿಡುವುದು ಪಂಚಾಯತಿ ಅಭಿವೃದ್ಧಿ ಅಧಿಕಾರಿಯದೇ ಹೊಣೆ. ಅದನ್ನು ಡಾಟಾ ಎಂಟ್ರಿ ಆಪರೇಟರ್‌ಗೆ ವಹಿಸತಕ್ಕದ್ದಲ್ಲ.

ದಾಳಿಯ ಶಂಕೆ ಬಂದಲ್ಲಿ ಮೊದಲು ನೆಟ್‌ವರ್ಕ್ ತಂತಿಯನ್ನು ಕೀಳಬೇಕು, ವೈಫೈ ನಿಲ್ಲಿಸಬೇಕು. ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸಿದರೆ ಸಾಕ್ಷ್ಯವೂ ಕಡತವೂ ಒಟ್ಟಿಗೆ ಅಳಿಯುತ್ತವೆ. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಅದರಂತೆ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಆದಕಾರಣ ತಾಲ್ಲೂಕು ಪಂಚಾಯತಿಗೆ ಅಂದೇ ದೂರವಾಣಿಯಲ್ಲಿ ತಿಳಿಸಿ, ಲಿಖಿತ ವರದಿಯನ್ನು ನಂತರ ಕಳುಹಿಸಬೇಕು. ಹಣ ವರ್ಗಾವಣೆಯಾಗಿದ್ದರೆ 1930 ಸಂಖ್ಯೆಗೆ ತಡಮಾಡದೆ ಕರೆ ಮಾಡತಕ್ಕದ್ದು.