ಪಿಜಿಸಿಇಟಿ ತಯಾರಿ: ಲೆಕ್ಕ ಮತ್ತು ವ್ಯಾಕರಣ

ಕರ್ನಾಟಕದಲ್ಲಿ ಸರ್ಕಾರಿ ಕೋಟಾದ ಸೀಟಿನಲ್ಲಿ ಎಂಬಿಎ ಸೇರಲು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಬರೆಯಬೇಕು. ಲೆಕ್ಕ, ಇಂಗ್ಲಿಷಿಗೆ ಹೆದರಿ ಅರ್ಜಿಯನ್ನೇ ಹಾಕದ ಪದವೀಧರ ಮಕ್ಕಳನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ನಾವು ಕಂಡಿದ್ದೇವೆ. ಇದಕ್ಕೆ ಬುನಾದಿ ಹೈಸ್ಕೂಲಿನ ಪಾಠವೇ.

ಲೆಕ್ಕ: ಕೆ.ಜಿ.ಗೆ 500 ರೂಪಾಯಿಯಿದ್ದ ರೇಷ್ಮೆಗೂಡಿನ ಬೆಲೆ ಶೇ. 20 ಏರಿ, ಮತ್ತೆ ಶೇ. 20 ಇಳಿದರೆ ಎಷ್ಟು? 500 ಅಲ್ಲ. ಏರಿದಾಗ 600, ಇಳಿಕೆ ಆ 600ರ ಮೇಲೆ, ಅಂದರೆ 120. ಉತ್ತರ 480. ಶೇಕಡಾ ಯಾವುದರ ಮೇಲೆ ಎಂದು ಮೊದಲು ನೋಡಿ.

ವ್ಯಾಕರಣ: 'ಈಚ್ ಆಫ್ ದ ಬಾಯ್ಸ್' ಆದಮೇಲೆ 'ಹ್ಯಾವ್' ಅಲ್ಲ, 'ಹ್ಯಾಸ್'. ಇಲ್ಲಿ ಕರ್ತೃ 'ಈಚ್', ಅದು ಏಕವಚನ.

ದಿನಕ್ಕೊಂದು ಗಂಟೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ. ಪೋಷಕರೇ, ಹೆಣ್ಣುಮಕ್ಕಳಿಗೂ ಆ ಗಂಟೆ ಮನೆಗೆಲಸದಿಂದ ಬಿಡುವು ಕೊಡಿ. ದಾನಿಗಳ ನೆರವು ಶುಲ್ಕಕ್ಕಾದೀತು. ಸೀಟು ಸಿಗುವುದು ಅಭ್ಯಾಸದಿಂದ.