ಮಾದರಿ ಕಾರಿನ ಸಂದಿಗೆ ಯಾವ ಬಣ್ಣ?

ಪಾರ್ಕಿಂಗ್‌ನಲ್ಲಿ ನಿಂತಿರೋ ಯಾವುದಾದರೂ ಬಿಳಿ ಕಾರಿನ ಹತ್ತಿರ ಹೋಗಿ, ಬಾಗಿಲಿಗೂ ಫೆಂಡರ್‌ಗೂ ನಡುವಿನ ಸಂದನ್ನು ಒಮ್ಮೆ ಸರಿಯಾಗಿ ನೋಡಿ. ಮೊದಲ ನೋಟಕ್ಕೆ ಅದು ಕಪ್ಪು ಗೆರೆ. ಇನ್ನೊಂದು ಸಲ ನೋಡಿದರೆ ಅಷ್ಟೇನೂ ಕಪ್ಪಲ್ಲ, ಬೂದು. ಅಂಚಿನ ಹತ್ತಿರ ತಿಳಿಯಾಗಿದೆ, ಒಳಕ್ಕೆ ಹೋದಂತೆ ಗಾಢವಾಗಿದೆ. ಅಲ್ಲಿ ಯಾರೂ ಗೆರೆ ಎಳೆದಿಲ್ಲ. ಒಳಗೆ ಹೋದ ಬೆಳಕು ಪೂರ್ತಿ ವಾಪಸ್ ಬರ್ತಾ ಇಲ್ಲ, ಅಷ್ಟೇ. ಸ್ಕೇಲ್ ಮಾಡೆಲ್ ಕಾರಿಗೆ ಪ್ಯಾನೆಲ್ ಲೈನ್ ಹಾಕೋದು ಅಂದ್ರೆ ಈ ನೆರಳನ್ನು ಬಣ್ಣದಲ್ಲಿ ತರೋದು. ಕಿಟ್ ಕಟ್ಟೋರು ಬಹಳಷ್ಟು ಜನ ಇದನ್ನು ಗೆರೆ ಅಂತಲೇ ತಿಳಿದು ಕಪ್ಪು ಬಾಟಲಿಗೆ ಕೈ ಹಾಕ್ತಾರೆ. ವಾರಗಟ್ಟಲೆ ಉಜ್ಜಿ, ಬಣ್ಣ ಹೊಡೆದು, ಪಾಲಿಶ್ ಮಾಡಿದ ಬಾಡಿ ಕೊನೆಯ ಅರ್ಧ ಗಂಟೆಯಲ್ಲಿ ಆಟಿಕೆ ಥರ ಆಗಿಬಿಡುತ್ತೆ.

ಸ್ವಲ್ಪ ಲೆಕ್ಕ ಮಾಡೋಣ. ಈಗಿನ ಕಾರುಗಳಲ್ಲಿ ಬಾಗಿಲಿನ ಸಂದು ಸುಮಾರು 3ರಿಂದ 5 ಮಿ.ಮೀ. ಇರುತ್ತೆ, ವರ್ಕ್‌ಶಾಪ್‌ನ ಫೀಲರ್ ಗೇಜ್‌ನ ಎಲೆಗಳನ್ನು ಒಟ್ಟಿಗೆ ಜೋಡಿಸಿ ಇಟ್ಟು ನೋಡಿದರೆ ನಿಮಗೇ ಗೊತ್ತಾಗುತ್ತೆ. ಯಾರದೋ ಕಾರಾದರೆ ಕೇಳಿ ಇಡಿ, ಗೀರು ಬಿದ್ದರೆ ಕಷ್ಟ. 4 ಮಿ.ಮೀ. ಅಂದುಕೊಂಡರೆ 1/24 ಮಾದರಿಯಲ್ಲಿ ಅದು 0.17 ಮಿ.ಮೀ., ಹೆಚ್ಚು ಕಡಿಮೆ ಎರಡು ತಲೆಗೂದಲಿನ ದಪ್ಪ. ಕಿಟ್‌ನಲ್ಲಿ ಇಷ್ಟು ಸಣ್ಣ ಸಂದು ಸಾಮಾನ್ಯವಾಗಿ ಸಿಗೋದಿಲ್ಲ. ಪ್ಲಾಸ್ಟಿಕ್‌ನಲ್ಲಿ ಒಂದು ತೋಡು ಬರಬೇಕಾದರೆ ಅಚ್ಚಿನಲ್ಲಿ ಅಷ್ಟೇ ತೆಳುವಾದ ಲೋಹದ ಏಣು ಇರಬೇಕು. ತೀರಾ ತೆಳುವಾದ ಏಣನ್ನು ಕೊರೆಯೋದೂ ಕಷ್ಟ, ಉಳಿಸಿಕೊಳ್ಳೋದೂ ಕಷ್ಟ. ಹಾಗಾಗಿ ಮಾದರಿಯ ತೋಡು ಅಳತೆಗಿಂತ ಅಗಲ.

ಅಗಲಕ್ಕಿಂತ ದೊಡ್ಡ ತೊಂದರೆ ಆಳದ್ದು. ನಿಜವಾದ ಕಾರಿನಲ್ಲಿ ಕೆಲವೇ ಮಿ.ಮೀ. ಅಗಲದ ಸಂದಿನ ಹಿಂದೆ ಹಲವು ಸೆಂ.ಮೀ. ಜಾಗ ಇರುತ್ತೆ. ಬೆಳಕು ಒಳಗೆ ಗೋಡೆಯಿಂದ ಗೋಡೆಗೆ ಬಡಿದು ಬಡಿದು ಅಲ್ಲೇ ಸೋತುಹೋಗುತ್ತೆ. ಫಿಸಿಕ್ಸ್‌ನಲ್ಲಿ ಬ್ಲ್ಯಾಕ್‌ಬಾಡಿ ಪಾಠಕ್ಕೆ ಸಣ್ಣ ತೂತಿನ ಡಬ್ಬಿಯ ಚಿತ್ರ ಬರೆದಿದ್ದೆವಲ್ಲ, ಅದೇ ಕಥೆ. ಮಾದರಿಯಲ್ಲಿ ತೋಡಿನ ಅಗಲ ಎಷ್ಟೋ ಆಳವೂ ಹತ್ತಿರ ಹತ್ತಿರ ಅಷ್ಟೇ. ಬೆಳಕು ಒಂದೆರಡು ಸಲ ತಗುಲಿ ಆರಾಮಾಗಿ ಹೊರಗೆ ಬರುತ್ತೆ. ಅಲ್ಲಿಲ್ಲದ ಆಳವನ್ನು ಬಣ್ಣ ತುಂಬಿಕೊಡಬೇಕು.

ಅಂದಮೇಲೆ ಆ ಬಣ್ಣ ಬಾಡಿಯ ಬಣ್ಣದಿಂದಲೇ ಹುಟ್ಟಬೇಕು, ಯಾಕಂದ್ರೆ ಸಂದಿನ ಒಳಗೆ ಓಡಾಡೋ ಬೆಳಕು ಬಾಡಿಯ ಅಂಚಿಗೆ ತಗುಲಿಯೇ ಬರೋದು. ಬಿಳಿ ಕಾರಿಗೆ ನಡುಮಟ್ಟದ ಬೂದು. ಬೆಳ್ಳಿ ಬಣ್ಣಕ್ಕೆ ಗಾಢ ಬೂದು. ಕೆಂಪಿಗೆ ಕಪ್ಪು ಹಾಕಿದರೆ ಗೆರೆ ಸತ್ತ ಹಾಗೆ ಕಾಣುತ್ತೆ. ಗಾಢ ಕೆಂಗಂದು ಹಾಕಿ. ಹಳದಿಗೆ ಕಿತ್ತಳೆ ಕಡೆಗೆ ವಾಲಿದ ಕಂದು. ಕಪ್ಪು ವಾಶ್ ನಿಜವಾಗಿ ಒಪ್ಪೋದು ಕಡುನೀಲಿ, ಕಡುಹಸಿರು, ಕಪ್ಪು ಕಾರುಗಳಿಗೆ ಮಾತ್ರ ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯವನ್ನು ಯೂಟ್ಯೂಬ್ ನೋಡಿ ಕಲಿತವರು ಮರೆತುಬಿಡ್ತಾರೆ: ಒಂದೇ ಕಾರಿನಲ್ಲಿ ಎಲ್ಲ ಸಂದೂ ಒಂದೇ ಥರ ಇರಲ್ಲ. ಬಾಗಿಲು, ಬಾನೆಟ್, ಡಿಕ್ಕಿ ತೆರೆದು ಮುಚ್ಚುವಂಥವು, ಅಲ್ಲಿ ಜಾಗ ಬೇಕೇ ಬೇಕು. ಬಂಪರ್ ಮತ್ತು ಫೆಂಡರ್ ಸೇರೋ ಕಡೆ ಅಲುಗಾಡೋದು ಏನೂ ಇಲ್ಲ, ಎರಡೂ ಒತ್ತಿಕೊಂಡು ಕೂತಿರುತ್ತವೆ. ಪೆಟ್ರೋಲ್ ಹಾಕೋ ಮುಚ್ಚಳದ ಹಿಂದೆ ಆಳ ಕಡಿಮೆ. ಎಲ್ಲದಕ್ಕೂ ಒಂದೇ ವಾಶ್ ಸುರಿದರೆ ಬಂಪರ್ ಕಳಚಿ ಬೀಳೋ ಹಾಗೆ ಕಾಣುತ್ತೆ. ತೆರೆಯುವ ಸಂದಿಗೆ ಗಾಢ, ಕೂಡಿಸಿದ ಸಂದಿಗೆ ಅದರಲ್ಲೇ ಥಿನ್ನರ್ ಬೆರೆಸಿದ ತೆಳು. ಎರಡು ಮಟ್ಟ ಸಾಕು.

ಈಗ ಕೈಕೆಲಸ. ಇದು ಶುರುವಾಗೋದು ಬಣ್ಣ ಹೊಡೆಯೋಕ್ಕಿಂತ ಮುಂಚೆ. ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿ 0.1 ಮಿ.ಮೀ. ದಪ್ಪ ಆದರೆ, 1/24ರ ಲೆಕ್ಕದಲ್ಲಿ ಅದು 2.4 ಮಿ.ಮೀ. ದಪ್ಪದ ಪೇಂಟ್! ಬಣ್ಣಕ್ಕೆ ಸ್ಕೇಲ್ ಗೊತ್ತಿಲ್ಲ. ತೋಡಿನ ಎರಡು ಗೋಡೆಗೂ ತಳಕ್ಕೂ ಅದು ಕೂತು ಸಂದು ಅರ್ಧ ಮುಚ್ಚಿಹೋಗುತ್ತೆ. ಅದಕ್ಕೇ ಬರೀ ಪ್ಲಾಸ್ಟಿಕ್ ಇರುವಾಗಲೇ ತೋಡನ್ನು ಆಳ ಮಾಡಿಕೊಳ್ಳಬೇಕು. ಪ್ಯಾನೆಲ್ ಸ್ಕ್ರೈಬರ್ ಇಲ್ಲದಿದ್ದರೆ ಹಾಬಿ ಚಾಕುವಿನ ಬ್ಲೇಡಿನ ಬೆನ್ನು ಸಾಕು. ಒತ್ತಬೇಡಿ, ಬ್ಲೇಡಿನ ಭಾರದಲ್ಲೇ ಐದಾರು ಸಲ ನಿಧಾನಕ್ಕೆ ಎಳೆಯಿರಿ. ಮೊದಲ ಎರಡು ಸಲ ಕೈ ಜಾರದಿದ್ದರೆ ಆಮೇಲೆ ತೋಡೇ ಬ್ಲೇಡನ್ನು ಹಿಡಿದುಕೊಳ್ಳುತ್ತೆ. ಬಾಗಿಲಿನ ಮೂಲೆಗಳಲ್ಲಿ ಎರಡೂ ದಿಕ್ಕಿನಿಂದ ಮೂಲೆಯ ಕಡೆಗೆ ಬಂದು ನಿಲ್ಲಿಸಿ, ದಾಟಿಸಬೇಡಿ. ಪುಡಿಯನ್ನು ಹಳೇ ಟೂತ್‌ಬ್ರಶ್‌ನಲ್ಲಿ ತೆಗೆಯಿರಿ.

ಬಣ್ಣ, ಕ್ಲಿಯರ್, ಪಾಲಿಶ್ ಎಲ್ಲ ಮುಗಿದ ಮೇಲೆ ವಾಶ್. ಪಾಲಿಶ್ ಕಾಂಪೌಂಡ್ ತೋಡಿನಲ್ಲಿ ಬೆಳ್ಳಗೆ ಕೂತಿರುತ್ತೆ, ಸೋಪಿನ ನೀರಲ್ಲಿ ಮೆತ್ತಗೆ ತೊಳೆದು ಒಣಗಿಸಿ. ಟಮಿಯಾದ ಪ್ಯಾನೆಲ್ ಲೈನ್ ಆಕ್ಸೆಂಟ್ ಕಲರ್ 40 ಮಿ.ಲೀ. ಬಾಟಲಿಯಲ್ಲಿ ಮುಚ್ಚಳಕ್ಕೇ ಬ್ರಶ್ ಸಮೇತ ಬರುತ್ತೆ. ಅದು ತೆಳು ಮಾಡಿದ ಎನಾಮೆಲ್. ಅದು ಸಿಗದಿದ್ದರೆ ಚಿತ್ರಕಲೆ ಸಾಮಾನಿನ ಅಂಗಡಿಯ ಆಯಿಲ್ ಕಲರ್ ಟ್ಯೂಬಿನಿಂದ ಕಾಳಿನಷ್ಟು ತೆಗೆದು, ಮಿನರಲ್ ಟರ್ಪೆಂಟೈನ್‌ನಲ್ಲಿ ಹಾಲಿಲ್ಲದ ಟೀಯಷ್ಟು ತೆಳ್ಳಗೆ ಕಲಸಿ. ಬೇಕಾದ ಬಣ್ಣ ಬೆರೆಸಿಕೊಳ್ಳಬಹುದಾದ್ದರಿಂದ ನನಗೆ ಇದೇ ಹೆಚ್ಚು ಇಷ್ಟ.

ಇಲ್ಲೊಂದು ಎಚ್ಚರಿಕೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಬರೀ 'ಥಿನ್ನರ್ ಕೊಡಿ' ಅಂದ್ರೆ ಎನ್‌ಸಿ ಥಿನ್ನರ್ ಕೈಗೆ ಬರೋ ಸಾಧ್ಯತೆ ಜಾಸ್ತಿ. ಅದು ಲ್ಯಾಕರ್ ಬಣ್ಣವನ್ನೂ ಕರಗಿಸುತ್ತೆ, ಕೆಳಗಿನ ಪಾಲಿಸ್ಟೈರೀನನ್ನೂ ತಿನ್ನುತ್ತೆ. ಒಂದು ಹನಿ ಸಾಕು, ಕಾರು ಹೋಯ್ತು. 'ಮಿನರಲ್ ಟರ್ಪೆಂಟೈನ್' ಅಂತ ಹೆಸರು ಹಿಡಿದು ಕೇಳಿ. ಈ ಇಡೀ ವಿಧಾನ ನಿಂತಿರೋದೇ ಇದರ ಮೇಲೆ: ಮೇಲಿನ ಪದರದ ದ್ರಾವಕ ಕೆಳಗಿನ ಪದರವನ್ನು ಮುಟ್ಟಬಾರದು. ಬಾಡಿ ಲ್ಯಾಕರ್ ಆಗಿದ್ದರೆ ಎನಾಮೆಲ್ ವಾಶ್ ಹಾಕಬಹುದು. ಬಾಡಿಗೇ ಎನಾಮೆಲ್ ಹೊಡೆದಿದ್ದರೆ ನೀರಿನ ಅಕ್ರಿಲಿಕ್ ವಾಶ್‌ಗೆ ಹೋಗಿ, ಅದಕ್ಕೊಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಸೇರಿಸಿ. ನೀರಿನ ಮೇಲ್ಮೈ ಕರ್ಷಣ ಟರ್ಪೆಂಟೈನ್‌ಗೆ ಹೋಲಿಸಿದರೆ ಹೆಚ್ಚುಕಡಿಮೆ ಮೂರು ಪಟ್ಟು. ಸೋಪಿಲ್ಲದಿದ್ದರೆ ಹೊಳಪಿನ ಮೇಲೆ ಮಣಿಮಣಿಯಾಗಿ ನಿಲ್ಲುತ್ತೆ, ತೋಡಿಗೆ ಇಳಿಯಲ್ಲ.

ಸಣ್ಣ ಬ್ರಶ್‌ನ ತುದಿಯನ್ನು ತೋಡಿಗೆ ಸುಮ್ಮನೆ ತಾಗಿಸಿ. ಎಳೆಯೋದು ಬೇಡ. ಕ್ಯಾಪಿಲರಿ ಕ್ರಿಯೆಯಿಂದ ವಾಶ್ ತಾನೇ ಓಡುತ್ತೆ, ನಿಂತ ಬಾಗಿಲಿನಲ್ಲಿ ಮೇಲಕ್ಕೂ ಹತ್ತುತ್ತೆ. ಇಷ್ಟು ಸಣ್ಣ ಅಗಲದಲ್ಲಿ ಗುರುತ್ವದ ಆಟ ಏನೂ ನಡೆಯಲ್ಲ. ಎಲ್ಲಿ ನಿಂತಿತೋ ಅಲ್ಲಿ ಇನ್ನೊಂದು ಸಲ ತಾಗಿಸಿ. ಹೆಚ್ಚು ಸುರಿಯಬೇಡಿ, ಅಂದ ಕೆಡುತ್ತೆ ಅನ್ನೋದಕ್ಕಲ್ಲ. ಆಳ ಮಾಡುವಾಗ ಎಲ್ಲೋ ಸೂಜಿಮೊನೆಯಷ್ಟು ತೂತಾಗಿದ್ದರೆ ವಾಶ್ ಅಲ್ಲಿಂದ ಒಳಗಿನ ಬರೀ ಪ್ಲಾಸ್ಟಿಕ್‌ಗೆ ಇಳಿಯುತ್ತೆ. ಒತ್ತಡದಲ್ಲಿರೋ ಪ್ಲಾಸ್ಟಿಕ್‌ಗೆ, ಅಂದ್ರೆ ಸ್ಕ್ರೂ ಬಿಗಿದ ಕಂಬ ಅಥವಾ ಬಾಗಿಸಿ ಕೂರಿಸಿದ ಬಾಡಿಯ ಅಂಚಿಗೆ, ದ್ರಾವಕ ತಗುಲಿದರೆ ಬಿರುಕು ಬಿಡುತ್ತೆ. ಮೆಟೀರಿಯಲ್ಸ್ ಕ್ಲಾಸಿನಲ್ಲಿ ಸ್ಟ್ರೆಸ್ ಕ್ರ್ಯಾಕಿಂಗ್ ಅಂತ ಓದಿದ್ದು ಇದನ್ನೇ. ಚಾಸಿಗೆ ಜೋಡಿಸೋ ಮುಂಚೆ, ಬಾಡಿ ಸಡಿಲವಾಗಿರುವಾಗಲೇ ವಾಶ್ ಮುಗಿಸಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ.

ಅರ್ಧ ಗಂಟೆ ಬಿಟ್ಟು, ಇಯರ್‌ಬಡ್‌ಗೆ ಟರ್ಪೆಂಟೈನ್ ಸೋಕಿಸಿ, ಟಿಶ್ಯೂ ಮೇಲೆ ಒತ್ತಿ ಬಹುತೇಕ ಒಣಗಿಸಿ, ತೋಡಿಗೆ ಅಡ್ಡಡ್ಡ ಒರೆಸಿ. ಉದ್ದಕ್ಕೆ ಒರೆಸಿದರೆ ಹತ್ತಿಯ ಎಳೆ ತೋಡಿನೊಳಗಿಂದ ಬಣ್ಣ ಎತ್ತಿಬಿಡುತ್ತೆ. ಮ್ಯಾಟ್ ಮೇಲ್ಮೈಯಲ್ಲಿ ಕಲೆ ಕೂತರೆ ಪೂರ್ತಿ ಹೋಗಲ್ಲ; ಹೊಳೆಯೋ ಕ್ಲಿಯರ್ ಮೇಲೆ ಸಲೀಸು. ಇದರ ಮೇಲೆ ಮತ್ತೆ ಲ್ಯಾಕರ್ ಕ್ಲಿಯರ್ ದಪ್ಪವಾಗಿ ಹೊಡೆಯೋ ಆಸೆ ಬಿಡಿ, ವಾಶ್ ಕದಡಿ ಹರಡಬಹುದು.

ಅಭ್ಯಾಸಕ್ಕೆ ದುಬಾರಿ ಕಿಟ್ ಬೇಡ, ಡ್ರಾಯರ್‌ನಲ್ಲಿರೋ ಹಾಟ್ ವೀಲ್ಸ್ ಸಾಕು. ಲೋಹದ ಬಾಡಿ, ಗಟ್ಟಿ ಬಣ್ಣ. ಅಚ್ಚು ಹಾಕಿದ ಚಿತ್ರಗಳ ಮೇಲೆ ಮಾತ್ರ ಉಜ್ಜಬೇಡಿ. ಅಲ್ಲಿ 1/64ರ ಲೆಕ್ಕಕ್ಕೆ ಸಂದು 0.06 ಮಿ.ಮೀ. ಇರಬೇಕಿತ್ತು. ಇರೋದು ಅದರ ಎಷ್ಟೋ ಪಟ್ಟು. ಗಾಢ ವಾಶ್ ಹಾಕಿದರೆ ಆ ಅಗಲವೇ ಎದ್ದು ಕಾಣುತ್ತೆ. ಬಾಡಿಯ ಬಣ್ಣಕ್ಕಿಂತ ಎರಡೇ ಮಟ್ಟ ಗಾಢವಾದದ್ದನ್ನು ಒಂದು ಬಾಗಿಲಿಗೆ, ಕಪ್ಪನ್ನು ಇನ್ನೊಂದು ಬಾಗಿಲಿಗೆ ಹಾಕಿ, ಎರಡನ್ನೂ ಕಿಟಕಿಯ ಬೆಳಕಿನಲ್ಲಿ ಮೊಬೈಲ್‌ನಲ್ಲಿ ಫೋಟೊ ತೆಗೆದು ಪಕ್ಕಪಕ್ಕ ಇಟ್ಟು ನೋಡಿ.